ಗಾಳಿ ತೆಗೆದರೆ ಸಾಲದು

ಹಳೇ ಮೈಸೂರಿನ ಒಕ್ಕಲು ಮನೆಗಳಲ್ಲಿ ನೆಲದೊಳಗೆ ರಾಗಿ ತುಂಬಿಡುವ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮೇಲಿನ ಮಣ್ಣು ಸರಿಸಿ, ಮುಚ್ಚಿದ್ದ ಚಪ್ಪಡಿ ಎತ್ತಿ, ಗಾಳಿಯಾಡಲು ಬಿಡುತ್ತಿದ್ದರು. ಉರಿಯುವ ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೋಡುವ ರೂಢಿಯೂ ಇತ್ತು. ದೀಪ ಆರಿದರೆ ಇನ್ನೂ ಕಾಯಬೇಕೆಂದು ಅರ್ಥ. ಈ ಎಚ್ಚರಿಕೆ ಮರೆತು ಇಳಿದವರು ಪ್ರಾಣ ಕಳೆದುಕೊಂಡದ್ದೂ ಉಂಟು.

ನೆಲದೊಳಗೆ ಮುಚ್ಚಿಟ್ಟ ಕಾಳಿಗೆ ಜೀವವಿದೆ. ಅದು ಮೆಲ್ಲಗೆ ಉಸಿರಾಡುತ್ತದೆ. ಜೊತೆಗೆ ಸೇರಿಕೊಂಡ ಹುಳುಗಳೂ ಉಸಿರಾಡುತ್ತವೆ. ಇಬ್ಬರೂ ಸೇರಿ ಹಗೇವಿನೊಳಗಿನ ಆಮ್ಲಜನಕವನ್ನು ಮುಗಿಸಿ, ಇಂಗಾಲದ ಡೈಆಕ್ಸೈಡನ್ನು ತುಂಬುತ್ತಾರೆ. ಹೊಸ ಗಾಳಿಗೆ ದಾರಿಯಿಲ್ಲದ್ದರಿಂದ ಹುಳು ಸಾಯುತ್ತದೆ, ರಾಗಿ ವರ್ಷಗಟ್ಟಲೆ ಉಳಿಯುತ್ತದೆ. ಆಮ್ಲಜನಕವನ್ನು ದೂರವಿಟ್ಟು ಆಹಾರ ಕಾಪಾಡುವ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ.

ಅದೇ ಕೆಲಸವನ್ನು ಅರ್ಧ ನಿಮಿಷದಲ್ಲಿ ಮುಗಿಸುವ ಯಂತ್ರವೊಂದು ಈಗ ಅಡುಗೆಮನೆಯ ಕಟ್ಟೆಗೆ ಬಂದಿದೆ. ಪ್ಲಾಸ್ಟಿಕ್ ಚೀಲದ ಬಾಯಿಯನ್ನು ಅದರೊಳಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಒಳಗಿನ ಗಾಳಿಯನ್ನು ಎಳೆದು, ಬಾಯನ್ನು ಕಾಯಿಸಿ ಅಂಟಿಸಿಬಿಡುತ್ತದೆ. ಇದೇ ವ್ಯಾಕ್ಯೂಮ್ ಸೀಲರ್. ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಮಾರುವವರು ಇದನ್ನು ಆಹಾರ ಕೆಡದಂತೆ ಮಾಡುವ ಯಂತ್ರವೆಂದು ಹೊಗಳುತ್ತಾರೆ. ಅದು ನಿಜವಾಗಿ ಮಾಡುವುದು ಗಾಳಿ ತೆಗೆಯುವ ಕೆಲಸ. ಗಾಳಿ ಹೋದರೆ ಆಹಾರದ ಕೆಲವು ಶತ್ರುಗಳು ಸಾಯುತ್ತವೆ, ಕೆಲವು ಹಿಗ್ಗುತ್ತವೆ. ಯಾವುದು ಯಾವ ಗುಂಪಿಗೆ ಸೇರಿದ್ದು ಎಂದು ತಿಳಿದವರ ಕೈಯಲ್ಲಿ ಇದು ಒಳ್ಳೆಯ ಸಾಧನ. ತಿಳಿಯದವರ ಕೈಯಲ್ಲಿ ಅಪಾಯವೂ ಆಗಬಹುದು.

ಚೀಲವನ್ನು ಹಿಂಡುವವರು ಯಾರು?

ಚೀಲ ಆಹಾರಕ್ಕೆ ಅಂಟಿಕೊಳ್ಳುವುದನ್ನು ಕಂಡಾಗ ಯಂತ್ರವೇ ಅದನ್ನು ಒಳಕ್ಕೆ ಎಳೆಯಿತೆಂದು ತೋರುತ್ತದೆ. ಎಳೆಯುವ ಬಲ ನಿರ್ವಾತಕ್ಕಿಲ್ಲ. ಚೀಲವನ್ನು ಒತ್ತುವುದು ಹೊರಗಿನ ವಾತಾವರಣ. ಸಮುದ್ರಮಟ್ಟದಲ್ಲಿ ಗಾಳಿ ಪ್ರತಿ ಚದರ ಸೆಂಟಿಮೀಟರ್ ಮೇಲೂ ಸುಮಾರು ಒಂದು ಕಿಲೋ ಭಾರದಷ್ಟು ಒತ್ತುತ್ತಿರುತ್ತದೆ. ಒಳಗೂ ಹೊರಗೂ ಸಮನಾಗಿ ಒತ್ತುವುದರಿಂದ ಅದು ನಮ್ಮ ಅರಿವಿಗೆ ಬರುವುದಿಲ್ಲ. ಒಳಗಿನದನ್ನು ತೆಗೆದಾಗ ಹೊರಗಿನದು ತನ್ನ ಬಲ ತೋರಿಸುತ್ತದೆ. ಜರ್ಮನಿಯ ಮಾಗ್ಡೆಬರ್ಗ್ ನಗರದ ಮೇಯರ್ ಆಟೊ ಫಾನ್ ಗೆರಿಕೆ ಇದನ್ನು 1657ರಲ್ಲಿ ಊರ ಜನರ ಮುಂದೆ ತೋರಿಸಿದ. ಎರಡು ತಾಮ್ರದ ಅರ್ಧಗೋಳಗಳನ್ನು ಜೋಡಿಸಿ, ತಾನೇ ರೂಪಿಸಿದ ಪಂಪಿನಿಂದ ಗಾಳಿ ತೆಗೆದ. ಎರಡೂ ಕಡೆ ಎಂಟೆಂಟು ಕುದುರೆ ಕಟ್ಟಿ ಎಳೆಸಿದರೂ ಅವು ಬೇರೆಯಾಗಲು ಒಪ್ಪಲಿಲ್ಲ.

ಮನೆಯ ಯಂತ್ರದ ಡಬ್ಬದ ಮೇಲೆ ಸಾಮಾನ್ಯವಾಗಿ ಮೈನಸ್ 60ರಿಂದ ಮೈನಸ್ 80 ಕಿಲೋಪ್ಯಾಸ್ಕಲ್ ಎಂದು ಬರೆದಿರುತ್ತದೆ. ಸಮುದ್ರಮಟ್ಟದ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್. ಅದರಿಂದ 80 ಕಳೆದರೂ ಐದನೇ ಒಂದು ಪಾಲು ಉಳಿಯಿತು. ಪೂರ್ಣ ನಿರ್ವಾತ ಮನೆಯಲ್ಲಿ ಆಗುವ ಮಾತಲ್ಲ. ಚೀಲವೇ ಕುಗ್ಗಿ ಆಹಾರಕ್ಕೆ ಅಂಟುವುದರಿಂದ ಬಹುಪಾಲು ಗಾಳಿ ಹೊರಬೀಳುತ್ತದೆ; ಆದರೆ ಕಾಳು ಕಾಳಿನ ನಡುವಿನ ಸಂದಿಯಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ.

ಅಷ್ಟು ನಿರ್ವಾತಕ್ಕೂ ಹೊರಗಿನ ಗಾಳಿಯ ಒತ್ತಡವೇನೂ ಕಡಿಮೆಯಲ್ಲ. 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಚೀಲದ ಒಂದೊಂದು ಮುಖದ ಮೇಲೂ ಬೀಳುವ ಭಾರ ಐದು ಕ್ವಿಂಟಲಿಗೆ ಹತ್ತಿರ. ಗೋಡಂಬಿ ಇದನ್ನು ತಡೆದುಕೊಳ್ಳುತ್ತದೆ. ಚಕ್ಕುಲಿ, ಸಂಡಿಗೆ, ಹಪ್ಪಳ ಪುಡಿಯಾಗುತ್ತವೆ. ಆಲೂಗಡ್ಡೆ ಚಿಪ್ಸ್ ಮಾರುವ ಕಂಪನಿಗಳು ಪೊಟ್ಟಣದಿಂದ ಗಾಳಿ ತೆಗೆದು ಹಾಗೇ ಬಿಡದೆ ಸಾರಜನಕ ತುಂಬುವುದು ಇದಕ್ಕೇ.

ಗಾಳಿಯಿಲ್ಲದೆ ಸೋಲುವವರು

ಆಹಾರ ಕೆಡುವುದು ನಾಲ್ಕಾರು ದಾರಿಗಳಲ್ಲಿ. ಅವುಗಳಲ್ಲಿ ಹಲವಕ್ಕೆ ಆಮ್ಲಜನಕ ಬೇಕೇ ಬೇಕು.

ಮೊದಲನೆಯದು ಎಣ್ಣೆಯಂಶ ಕಮಟುವುದು. ಕಡಲೆಬೀಜ, ಎಳ್ಳು, ಹುಚ್ಚೆಳ್ಳು, ಗೋಡಂಬಿ, ಕೊಬ್ಬರಿ ಇವೆಲ್ಲದರಲ್ಲೂ ಎಣ್ಣೆ ಹೆಚ್ಚು. ಆಮ್ಲಜನಕ ಆ ಎಣ್ಣೆಯ ಅಣುಗಳನ್ನು ಹಿಡಿದು ಮುರಿದಾಗ ಹುಟ್ಟುವ ಚಿಕ್ಕ ಅಣುಗಳೇ ಕಮಟು ವಾಸನೆಗೆ ಕಾರಣ. ಚಟ್ನಿಪುಡಿ ತಿಂಗಳೊಪ್ಪತ್ತಿನಲ್ಲಿ ರುಚಿಗೆಡುವುದು ಹೆಚ್ಚಾಗಿ ಹೀಗೆ. ಬೀಜ ಇಡಿಯಾಗಿದ್ದಾಗ ಎಣ್ಣೆ ಒಳಗೆ ಅಡಗಿರುತ್ತದೆ. ಪುಡಿ ಮಾಡಿದಾಗ ಗಾಳಿಗೆ ಮೈ ಒಡ್ಡುತ್ತದೆ. ಹಾಗಾಗಿ ಪುಡಿಗಳಿಗೆ ಈ ಯಂತ್ರದಿಂದ ಸಿಗುವ ಲಾಭ ಹೆಚ್ಚು. ದೂರದೇಶದಲ್ಲಿರುವ ಮಕ್ಕಳ ಮನೆಗೆ ಹೊರಟ ಪೆಟ್ಟಿಗೆಯಲ್ಲಿ ಸಾರಿನಪುಡಿ, ಹುಳಿಪುಡಿ, ಶೇಂಗಾ ಚಟ್ನಿಪುಡಿಯ ಪೊಟ್ಟಣಗಳು ಹೀಗೆ ಗಾಳಿ ತೆಗೆದು ಸೀಲಾಗಿದ್ದರೆ ಘಮವೂ ಉಳಿಯುತ್ತದೆ, ಬಟ್ಟೆಗೂ ಎಣ್ಣೆ ತಾಗುವುದಿಲ್ಲ.

ಎರಡನೆಯದು ಬೂಷ್ಟು. ಮನೆಯಲ್ಲಿ ಕಾಣುವ ಬಹುತೇಕ ಬೂಷ್ಟಿಗೆ ಆಮ್ಲಜನಕ ಬೇಕು. ಮೂರನೆಯದು ಹುಳು. ಅಕ್ಕಿಯ ಹುಳುವನ್ನು ಕೊಲ್ಲಲು ಆಮ್ಲಜನಕ ಶೇಕಡಾ ಎರಡು ಮೂರಕ್ಕೆ ಇಳಿದು, ಕೆಲವು ದಿನಗಳಿಂದ ವಾರಗಳವರೆಗೆ ಹಾಗೇ ನಿಲ್ಲಬೇಕು. ಮನೆಯ ಚೀಲದಲ್ಲಿ ಒಂದಿಷ್ಟು ಗಾಳಿ ಉಳಿಯುವುದರಿಂದ, ಮೊಟ್ಟೆಗಳೂ ಕಾಳಿನೊಳಗೇ ಅಡಗಿರುವುದರಿಂದ ಬೇಳೆ, ರವೆಯನ್ನು ಮೊದಲು ನಾಲ್ಕು ದಿನ ಫ್ರೀಜರಿನಲ್ಲಿಟ್ಟು, ಹೊರತೆಗೆದು, ಚೀಲದ ಹೊರಮೈಯ ಪಸೆ ಆರಿದ ಮೇಲೆ ಸೀಲ್ ಮಾಡುವುದು ಇನ್ನೂ ಭದ್ರ.

ನಾಲ್ಕನೆಯದು ಫ್ರೀಜರಿನೊಳಗಿನ ಒಣಗುವಿಕೆ. ಮೀನನ್ನು ಸಾಧಾರಣ ಕವರಿನಲ್ಲಿ ಸುತ್ತಿ ತಿಂಗಳುಗಟ್ಟಲೆ ಇಟ್ಟರೆ ಮೈಮೇಲೆ ಬಿಳಿಚಿದ, ನಾರಾದ ಕಲೆಗಳು ಏಳುತ್ತವೆ. ಮಂಜುಗಡ್ಡೆ ಕರಗದೆಯೇ ನೇರವಾಗಿ ಆವಿಯಾಗಿ ಕವರಿನೊಳಗಿನ ಖಾಲಿ ಜಾಗಕ್ಕೆ ಹೋಗಿ ಹಿಮವಾಗಿ ಕೂರುವುದರ ಫಲ ಇದು. ಚೀಲ ಮೀನಿನ ಮೈಗೇ ಅಂಟಿಕೊಂಡಿದ್ದರೆ ಆವಿಗೆ ಹೋಗಲು ಜಾಗವಿಲ್ಲ. ಬಂಗುಡೆ, ಬೂತಾಯಿಯಂಥ ಎಣ್ಣೆಮೀನುಗಳಿಗಂತೂ ಇದು ಇಮ್ಮಡಿ ಲಾಭ. ಅವುಗಳ ಎಣ್ಣೆ ಫ್ರೀಜರಿನ ಚಳಿಯಲ್ಲೂ ಮೆಲ್ಲಗೆ ಕಮಟುತ್ತಿರುತ್ತದೆ. ನನ್ನನ್ನು ಕೇಳಿದರೆ, ಮನೆಯಲ್ಲಿ ಈ ಯಂತ್ರಕ್ಕೆ ಅತ್ಯುತ್ತಮ ಜೊತೆಗಾರ ಫ್ರೀಜರೇ.

ಗಾಳಿಯಿಲ್ಲದೆ ಬೆಳೆಯುವವರು

ಗಾಳಿಯಿಲ್ಲದೆಯೂ ಜೀವ ಬದುಕಬಲ್ಲದು ಎಂದು 1861ರಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಟ್ಟ. ಆತ ಸೂಕ್ಷ್ಮದರ್ಶಕದಡಿ ಕಂಡ ಜೀವಿಗಳಿಗೆ ಆಮ್ಲಜನಕವೇ ವಿಷವಾಗಿತ್ತು. ಗಾಳಿಯಿಲ್ಲದ ಈ ಬದುಕಿನ ಗಂಭೀರ ಮುಖ ಕಂಡದ್ದು 1895ರಲ್ಲಿ, ಬೆಲ್ಜಿಯಂನ ಎಲ್ಲೆಝೆಲ್ ಎಂಬ ಹಳ್ಳಿಯಲ್ಲಿ. ಅಂತ್ಯಕ್ರಿಯೆಯೊಂದಕ್ಕೆ ವಾದ್ಯ ನುಡಿಸಲು ಬಂದ ಕಲಾವಿದರು ಉಪ್ಪುನೀರಿನಲ್ಲಿ ಹಾಕಿಟ್ಟಿದ್ದ ಹಂದಿಮಾಂಸ ತಿಂದರು. ಹಲವರಿಗೆ ಕಣ್ಣು ಮಂಜಾಯಿತು, ನುಂಗಲು ಆಗದಾಯಿತು, ಮೂವರು ತೀರಿಕೊಂಡರು. ಆ ಮಾಂಸದಲ್ಲಿ ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಪತ್ತೆಹಚ್ಚಿದ ಬ್ಯಾಕ್ಟೀರಿಯವನ್ನೇ ನಾವು ಇಂದು ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎನ್ನುತ್ತೇವೆ.

ಈ ಜೀವಿ ಮಣ್ಣಿನಲ್ಲಿ ಎಲ್ಲೆಡೆ ಇದೆ. ಕಷ್ಟಕಾಲದಲ್ಲಿ ಗಟ್ಟಿ ಕವಚ ತೊಟ್ಟ ಬೀಜಕಣವಾಗಿ ಮಲಗಿರುತ್ತದೆ. ಕುದಿಯುವ ನೀರು ಆ ಬೀಜಕಣವನ್ನು ಕೊಲ್ಲುವುದಿಲ್ಲ. ಒತ್ತಡದಲ್ಲಿ 121 ಡಿಗ್ರಿಯಷ್ಟು ಕಾಯಿಸಬೇಕು. ಆಮ್ಲಜನಕ ಇಲ್ಲದಿರುವುದು, ಸಾಕಷ್ಟು ತೇವ, ಕಡಿಮೆ ಹುಳಿ, ಬೆಚ್ಚಗಿನ ಜಾಗ, ಈ ನಾಲ್ಕೂ ಒಟ್ಟಿಗೆ ಸಿಕ್ಕರೆ ಅದು ಎಚ್ಚೆತ್ತು ಬೆಳೆದು ವಿಷ ಮಾಡುತ್ತದೆ. ಮನುಷ್ಯನಿಗೆ ತಿಳಿದಿರುವ ಅತಿ ಘೋರ ವಿಷಗಳಲ್ಲಿ ಅದೊಂದು. ಆಹಾರದ ಬಣ್ಣ, ವಾಸನೆ ಬದಲಾಗಲೇಬೇಕೆಂದಿಲ್ಲ. ರೆಪ್ಪೆ ಜೋತುಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು ಇದರ ಲಕ್ಷಣಗಳು. ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತೆರೆದಿಟ್ಟ ಆಹಾರದಲ್ಲಿ ಬೂಷ್ಟು ಬೆಳೆದು, ಹುಳಿ ವಾಸನೆ ಬಂದು, ಕೆಟ್ಟಿದೆ ಎಂಬ ಸೂಚನೆ ಮೊದಲೇ ಸಿಗುತ್ತದೆ. ಗಾಳಿ ತೆಗೆದಾಗ ಆ ಸೂಚನೆ ಕೊಡುವ ಜೀವಿಗಳು ಹಿಂದೆ ಸರಿಯುತ್ತವೆ, ಅಪಾಯದ ಜೀವಿಗೆ ಪೈಪೋಟಿಯೂ ಇಲ್ಲವಾಗುತ್ತದೆ. ಒಳಗಿನದು ತಾಜಾ ಕಾಣುತ್ತಲೇ ವಿಷವಾಗಿರಬಹುದು. ಫ್ರಿಜ್ಜಿನಲ್ಲಿಟ್ಟರೂ ನಿಶ್ಚಿಂತೆಯಿಲ್ಲ. ಈ ಬ್ಯಾಕ್ಟೀರಿಯದ ಕೆಲವು ತಳಿಗಳು ಮೂರು ಡಿಗ್ರಿಯಲ್ಲೂ ಬೆಳೆಯಬಲ್ಲವು. ಲಿಸ್ಟೀರಿಯ ಎಂಬ ಇನ್ನೊಂದು ರೋಗಾಣುವಿಗೆ ಗಾಳಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಫ್ರಿಜ್ಜಿನ ಚಳಿಯೂ ಸರಿಯೇ.

ಕೊಬ್ಬರಿ ಸರಿ, ಹಸಿ ತುರಿ ತಪ್ಪು

ಒಂದೇ ತೆಂಗಿನಮರದಿಂದ ಬಂದ ಎರಡು ಪದಾರ್ಥಗಳಲ್ಲಿ ಇಡೀ ಪಾಠ ಅಡಗಿದೆ. ತಿಪಟೂರಿನ ಒಣ ಕೊಬ್ಬರಿಯಲ್ಲಿ ನೀರಿನಂಶ ಬಹಳ ಕಡಿಮೆ, ಎಣ್ಣೆ ಬಹಳ ಹೆಚ್ಚು. ಬ್ಯಾಕ್ಟೀರಿಯ ಅಲ್ಲಿ ಬೆಳೆಯಲಾರದು. ಅದಕ್ಕಿರುವ ಭಯ ಬೂಷ್ಟು ಮತ್ತು ಕಮಟು. ಎರಡಕ್ಕೂ ಗಾಳಿ ಬೇಕು. ಗಾಳಿ ತೆಗೆದು ಕಪಾಟಿನಲ್ಲಿಟ್ಟರೆ ಕೊಬ್ಬರಿ ಚೆನ್ನಾಗಿ ಉಳಿಯುತ್ತದೆ. ಹಸಿ ತೆಂಗಿನ ತುರಿಯಲ್ಲಿ ತೇವ ಹೆಚ್ಚು, ಹುಳಿ ಇಲ್ಲವೇ ಇಲ್ಲ. ಅದನ್ನು ಗಾಳಿ ತೆಗೆದು ಹೊರಗಿಟ್ಟರೆ ಮೇಲೆ ಹೇಳಿದ ನಾಲ್ಕೂ ಅನುಕೂಲಗಳನ್ನು ನಾವೇ ಒದಗಿಸಿದಂತೆ. ತುರಿಯ ಜಾಗ ಫ್ರೀಜರು.

ಉಳಿದ ಪದಾರ್ಥಗಳನ್ನೂ ಹೀಗೆಯೇ ವಿಂಗಡಿಸಬಹುದು. ಚೆನ್ನಾಗಿ ಒಣಗಿದವು, ಅಂದರೆ ಕಾಳು, ಬೇಳೆ, ಒಣಮೆಣಸಿನಕಾಯಿ, ಮಸಾಲೆ ಪುಡಿ, ಹುರಿದ ಬೀಜ, ಗಾಳಿ ತೆಗೆದ ಚೀಲದಲ್ಲಿ ಹೊರಗೇ ಇರಬಹುದು. ಹಸಿ ಮಾಂಸ, ಮೀನು, ಬೇಯಿಸಿದ ಪಲ್ಯ, ಬೇಳೆ, ಹೂರಣ ಇವುಗಳಿಗೆ ಗಾಳಿ ತೆಗೆದ ಮೇಲೂ ಫ್ರೀಜರೇ ಗತಿ. ಫ್ರಿಜ್ಜಿನಲ್ಲಾದರೆ ಬೇಯಿಸಿದ್ದನ್ನು ಸಾಧಾರಣ ಡಬ್ಬಿಯಲ್ಲಿ ಎಷ್ಟು ದಿನ ಇಡುತ್ತೇವೋ ಅಷ್ಟೇ, ಮೂರು ನಾಲ್ಕು ದಿನ. ಸಿಪ್ಪೆ ಸುಲಿದ ಹಸಿ ಬೆಳ್ಳುಳ್ಳಿ ಮತ್ತು ಅಣಬೆಯನ್ನು ಹಸಿಯಾಗಿಯೇ ಸೀಲ್ ಮಾಡಿ ಇಡಲೇಬಾರದು. ಎಲೆಕೋಸು, ಹೂಕೋಸು ಕತ್ತರಿಸಿದ ಮೇಲೂ ಅನಿಲ ಬಿಡುತ್ತಿರುತ್ತವೆ. ಕುದಿನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ನೀರು ಬಸಿದು ಆಮೇಲೆ ಸೀಲ್ ಮಾಡಿ ಫ್ರೀಜರಿಗೆ ಹಾಕಬೇಕು.

ದೋಸೆಹಿಟ್ಟನ್ನೂ ಸೀಲ್ ಮಾಡಲು ಹೋಗುವವರಿದ್ದಾರೆ. ಹಿಟ್ಟನ್ನು ಉಬ್ಬಿಸುವ ಲ್ಯುಕೊನೊಸ್ಟಾಕ್ ಮೊದಲಾದ ಬ್ಯಾಕ್ಟೀರಿಯಗಳು ಗಾಳಿಯಿಲ್ಲದೆಯೂ ನೆಮ್ಮದಿಯಿಂದ ಕೆಲಸ ಮಾಡುತ್ತವೆ, ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಚೀಲ ಬಲೂನಾಗುತ್ತದೆ, ಕೊನೆಗೆ ಒಡೆಯುತ್ತದೆ. ಈಗಷ್ಟೇ ಹುರಿದ ಕಾಫಿಬೀಜವೂ ಹಲವು ದಿನ ಇದೇ ಅನಿಲವನ್ನು ಬಿಡುತ್ತಿರುತ್ತದೆ. ಅಂಗಡಿಯ ಕಾಫಿ ಪೊಟ್ಟಣದಲ್ಲಿ ಪುಟ್ಟದೊಂದು ಕವಾಟ ಇರುವುದು ಅನಿಲ ಹೊರಹೋಗಲೆಂದು. ಮನೆಯಲ್ಲಿ ಹುರಿದದ್ದಾದರೆ ಕೆಲವು ದಿನ ಕಾದು ಸೀಲ್ ಮಾಡಿ.

ಅಂಗಡಿಯಲ್ಲಿ ಸಿಗುವ ಸಿದ್ಧ ಬಿಸಿಬೇಳೆಭಾತಿನ ಪೊಟ್ಟಣ ತಿಂಗಳುಗಟ್ಟಲೆ ಹೊರಗಿದ್ದರೂ ಕೆಡುವುದಿಲ್ಲವಲ್ಲ, ನಾವು ಮಾಡಿದರೇಕೆ ಆಗದು ಎಂಬ ಪ್ರಶ್ನೆ ಸಹಜ. 1961ರಲ್ಲಿ ಮೈಸೂರಿನಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಸೈನಿಕರಿಗಾಗಿ ಇಂಥ ಪೊಟ್ಟಣಗಳ ತಂತ್ರವನ್ನು ಬೆಳೆಸಿತು. ಅಲ್ಲಿಂದ ಅದು ಖಾಸಗಿ ಕಂಪನಿಗಳಿಗೂ ಹೋಯಿತು. ಅಲ್ಲಿ ಮೊದಲು ಪೊಟ್ಟಣವನ್ನು ಸೀಲ್ ಮಾಡಿ, ಆಮೇಲೆ ಪೊಟ್ಟಣದ ಸಮೇತ ಒತ್ತಡದಲ್ಲಿ 121 ಡಿಗ್ರಿಯ ಆಸುಪಾಸಿಗೆ ಲೆಕ್ಕ ಹಾಕಿದಷ್ಟು ಹೊತ್ತು ಕಾಯಿಸುತ್ತಾರೆ. ಬೀಜಕಣ ಸಾಯುವುದು ಆ ಬಿಸಿಗೆ. ಮನೆಯ ಚೀಲ ಆ ಬಿಸಿಯನ್ನು ತಾಳದು, ಕುಕ್ಕರಿಗೆ ಅಷ್ಟು ಖಚಿತವಾದ ಅಳತೆಯೂ ಇಲ್ಲ. ಆ ಸಾಹಸ ಬೇಡ.

ಯಂತ್ರ ಆರಿಸುವಾಗ

ಮನೆಗೆ ಎರಡು ಬಗೆ ಸಿಗುತ್ತವೆ. ಹೆಚ್ಚು ಬಳಕೆಯಲ್ಲಿರುವುದು ಚೀಲದ ಬಾಯಿಯನ್ನಷ್ಟೇ ಕಚ್ಚಿ ಗಾಳಿ ಎಳೆಯುವ ಉದ್ದನೆಯ ಯಂತ್ರ. ಅಗ್ಗ, ಹಗುರ, ಒಣ ಪದಾರ್ಥಕ್ಕೂ ಮೀನು ಮಾಂಸಕ್ಕೂ ಸಾಕು. ಇದರ ಕೊರತೆ ದ್ರವ: ಸಾರನ್ನು ಇಟ್ಟರೆ ಗಾಳಿಯ ಜೊತೆ ಸಾರೂ ಪಂಪಿನತ್ತ ಓಡಿಬರುತ್ತದೆ. ಎರಡನೆಯದು ಪೆಟ್ಟಿಗೆಯಂಥದು. ಚೀಲವನ್ನು ಇಡಿಯಾಗಿ ಒಳಗಿಟ್ಟು ಮುಚ್ಚಳ ಹಾಕಿದರೆ ಪೆಟ್ಟಿಗೆಯ ಗಾಳಿಯೇ ಖಾಲಿಯಾಗುತ್ತದೆ. ಚೀಲದ ಒಳಗೂ ಹೊರಗೂ ಒತ್ತಡ ಸಮನಾಗಿ ಇಳಿಯುವುದರಿಂದ ದ್ರವವನ್ನು ಹೊರದೂಡುವ ಬಲವಿಲ್ಲ. ಸಾರನ್ನೂ ಸೀಲ್ ಮಾಡಬಹುದು, ನಿರ್ವಾತವೂ ಹೆಚ್ಚು. ಬೆಲೆ, ತೂಕ, ಹಿಡಿಯುವ ಜಾಗ ಎಲ್ಲವೂ ಹಲವು ಪಟ್ಟು. ದಿನವೂ ಹತ್ತಾರು ಚೀಲ ಸೀಲ್ ಮಾಡುವ ಗೃಹೋದ್ಯಮಕ್ಕೆ ಅದು ತಕ್ಕದ್ದು. ನಾಲ್ಕು ಜನರ ಮನೆಗೆ ಮೊದಲನೆಯದೇ ಸಾಕು.

ಕೊಳ್ಳುವಾಗ ಹೊಳೆಯುವ ಮೈಯನ್ನು ನೋಡುವುದಕ್ಕಿಂತ ನಾಲ್ಕು ವಿಷಯ ವಿಚಾರಿಸಿ. ಅಂಟಿಸುವ ಪಟ್ಟಿ ಅಗಲವಾಗಿದೆಯೇ, ಅಥವಾ ಎರಡು ಗೆರೆ ಹಾಕುತ್ತದೆಯೇ? ಚೀಲ ಮತ್ತೆ ಗಾಳಿ ಹಿಡಿಯುವುದು ಹೆಚ್ಚಾಗಿ ತೆಳು ಸೀಲಿನಿಂದ. ಮೆತ್ತನೆಯ ಪದಾರ್ಥಕ್ಕೆ ಬೇಕಾದಲ್ಲಿ ಗಾಳಿ ಎಳೆಯುವುದನ್ನು ನಿಲ್ಲಿಸಿ ಸೀಲ್ ಮಾಡುವ ಬೇರೆ ಗುಂಡಿ ಇದೆಯೇ? ಸೋರಿದ ದ್ರವ ಹಿಡಿಯುವ ತಟ್ಟೆ ಕಳಚಿ ತೊಳೆಯಲು ಬರುತ್ತದೆಯೇ? ಸ್ಪಂಜಿನ ಗ್ಯಾಸ್ಕೆಟ್ಟು ಮತ್ತು ಕಾಯುವ ತಂತಿಯ ಮೇಲಿನ ಟೆಫ್ಲಾನ್ ಪಟ್ಟಿ ಬಿಡಿಯಾಗಿ ಸಿಗುತ್ತವೆಯೇ? ಮೊದಲು ಸವೆಯುವುದು ಅವೇ.

ಡಬ್ಬದ ಮೇಲಿನ ಕಿಲೋಪ್ಯಾಸ್ಕಲ್ ಅಂಕಿಗೆ ಮರುಳಾಗಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡವೇ 91 ಕಿಲೋಪ್ಯಾಸ್ಕಲ್ ಆಸುಪಾಸು. ಯಾವ ಯಂತ್ರವೂ ಅಲ್ಲಿ ಮೈನಸ್ 95 ಮುಟ್ಟಲಾರದು. ಮೈನಸ್ 60ಕ್ಕೂ 80ಕ್ಕೂ ವ್ಯತ್ಯಾಸವಿದೆ ನಿಜ, ಆದರೆ ಸೀಲ್ ಗಟ್ಟಿಯಿಲ್ಲದಿದ್ದರೆ ಎರಡೂ ಒಂದೇ.

ಚೀಲದ ವಿಚಾರ ಯಂತ್ರದಷ್ಟೇ ಮುಖ್ಯ. ತರಕಾರಿ ಕವರಿನ ಪಾಲಿಥೀನ್ ನೀರನ್ನು ತಡೆಯುತ್ತದೆ, ಆಮ್ಲಜನಕವನ್ನು ಮೆಲ್ಲಗೆ ಒಳಬಿಡುತ್ತದೆ. ಅಷ್ಟೇ ದಪ್ಪದ ನೈಲಾನ್ ಹಾಳೆ ಅದರ ಸುಮಾರು ನೂರನೇ ಒಂದು ಪಾಲು ಆಮ್ಲಜನಕವನ್ನು ಬಿಟ್ಟೀತು. ಹಾಗಾಗಿ ಒಳ್ಳೆಯ ಚೀಲಕ್ಕೆ ಹೊರಗೆ ನೈಲಾನ್, ಒಳಗೆ ಪಾಲಿಥೀನ್. ಪಾಲಿಥೀನ್ 110 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ಅಂಟಿಕೊಂಡರೆ ನೈಲಾನ್ ಕರಗದೆ ಆಕಾರ ಹಿಡಿದಿರುತ್ತದೆ. ಬಾಯಿ ಕಚ್ಚುವ ಯಂತ್ರಕ್ಕೆ ಒಂದು ಮುಖದಲ್ಲಿ ಗೀರುಗೀರು ಉಬ್ಬುಗಳಿರುವ ಚೀಲವೇ ಬೇಕು. ನಯವಾದ ಎರಡು ಹಾಳೆಗಳು ಒಂದಕ್ಕೊಂದು ಅಂಟಿ ದಾರಿ ಮುಚ್ಚಿಬಿಡುತ್ತವೆ; ಗಾಳಿ ಹೊರಬರುವುದು ಆ ಗೀರುಗಳ ನಡುವಿನ ಕಾಲುವೆಯಲ್ಲಿ. ಸುರುಳಿಯಾಗಿ ಸಿಗುವ ಚೀಲವನ್ನು ಬೇಕಾದಷ್ಟು ಉದ್ದಕ್ಕೆ ಕತ್ತರಿಸಿಕೊಂಡರೆ ಖರ್ಚೂ ಕಸವೂ ಕಡಿಮೆ. ಒಣ ಪದಾರ್ಥದ ಚೀಲವನ್ನು ತೊಳೆದು ಮತ್ತೆ ಬಳಸಬಹುದು. ಹಸಿ ಮೀನು ಮಾಂಸದ್ದನ್ನು ಬಳಸಬಾರದು.

ಕೈಯಲ್ಲಿ ಹಿಡಿದಾಗ

ಪದಾರ್ಥ ಪೂರ್ತಿ ಆರಿರಬೇಕು. ಇದು ಬರೀ ಶಿಸ್ತಿನ ಮಾತಲ್ಲ. ಒತ್ತಡ 20 ಕಿಲೋಪ್ಯಾಸ್ಕಲಿಗೆ ಇಳಿದಾಗ ನೀರು 60 ಡಿಗ್ರಿಯಲ್ಲೇ ಕುದಿಯುತ್ತದೆ. ಬಿಸಿ ಪಲ್ಯ ಚೀಲದೊಳಗೆ ಕುದಿದು, ಆವಿ ಪಂಪಿಗೆ ನುಗ್ಗಿ, ಸೀಲಿನ ಜಾಗ ಒದ್ದೆಯಾಗುತ್ತದೆ. ಬಾಯಿಯ ಕಡೆ ಏಳೆಂಟು ಸೆಂಟಿಮೀಟರ್ ಖಾಲಿ ಬಿಡಿ. ತುಂಬುವಾಗ ಚೀಲದ ಅಂಚನ್ನು ಹೊರಕ್ಕೆ ಮಡಚಿಕೊಂಡರೆ ಸೀಲಿನ ಜಾಗಕ್ಕೆ ಎಣ್ಣೆ, ಪುಡಿ ತಾಗುವುದಿಲ್ಲ. ಒಂದು ಸಾಸಿವೆ ಕಾಳು ಸಿಕ್ಕಿಕೊಂಡರೂ ಸೀಲ್ ಸೋರುತ್ತದೆ. ಪುಡಿಗಳ ಮೇಲೆ ಒಂದು ತುಂಡು ಕಾಗದದ ಕರವಸ್ತ್ರ ಇಡಿ, ಪಂಪಿನೊಳಗೆ ಹೋಗದು. ಸಾರು, ಗೊಜ್ಜನ್ನು ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಗಟ್ಟಿಯಾದ ಮೇಲೆ ಚೀಲಕ್ಕೆ ಹಾಕಿ. ಸೀಲಿನ ಗೆರೆ ಸುಕ್ಕಿಲ್ಲದೆ, ಒಂದೇ ಸಮನೆ ಇರಬೇಕು. ಒಂದರ ಹಿಂದೊಂದು ಹಲವು ಚೀಲ ಸೀಲ್ ಮಾಡುವಾಗ ನಡುನಡುವೆ ತಂತಿ ಆರಲು ಬಿಡಿ.

ಹಸಿ ಮಾಂಸ ಗಾಳಿಯಿಲ್ಲದ ಚೀಲದಲ್ಲಿ ನೇರಳೆಗೆ ತಿರುಗಿದರೆ ಗಾಬರಿ ಬೇಡ. ಆಮ್ಲಜನಕ ಸಿಗದಾಗ ಅದರ ಬಣ್ಣವೇ ಅದು. ಚೀಲ ತೆರೆದರೆ ಸ್ವಲ್ಪ ಹೊತ್ತಿಗೆ ಕೆಂಪಾಗುತ್ತದೆ. ಫ್ರೀಜರಿನ ಮೀನನ್ನು ಕರಗಿಸುವಾಗ ಮಾತ್ರ ಚೀಲವನ್ನು ಮೊದಲು ಕತ್ತರಿಸಿ, ಆಮೇಲೆ ಫ್ರಿಜ್ಜಿನೊಳಗೆ ಕರಗಲು ಬಿಡಿ. ಚಳಿಯಲ್ಲೂ ಬೆಳೆಯುವ ಬಾಟ್ಯುಲಿನಂ ತಳಿಯೊಂದಕ್ಕೆ ಮೀನಿನ ನಂಟು ಹೆಚ್ಚು. ಗಾಳಿಯಾಡಲು ಬಿಟ್ಟರೆ ಅದಕ್ಕೆ ಬೆಳೆಯಲಾಗದು. ಫ್ರಿಜ್ಜಿನ ಚೀಲ ತಾನಾಗಿ ಉಬ್ಬಿದ್ದರೆ ರುಚಿ ನೋಡದೆ ಎಸೆದುಬಿಡಿ. ಪ್ರತಿ ಚೀಲದ ಮೇಲೂ ಹೆಸರು, ತಾರೀಖು ಬರೆಯಿರಿ.

ಇಷ್ಟೆಲ್ಲ ತಿಳಿದ ಮೇಲೆ ಯಂತ್ರ ಬೇಕೇ ಬೇಡವೇ ಎಂಬುದು ನಿಮ್ಮ ಅಡುಗೆಮನೆಯ ಲೆಕ್ಕ. ದಿನವೂ ತರಕಾರಿ ತಂದು, ಬೇಕಾದಷ್ಟೇ ಬೇಯಿಸಿ, ತಿಂಗಳಿಗಾಗುವಷ್ಟೇ ಪುಡಿ ಮಾಡಿಕೊಳ್ಳುವ ಮನೆಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸಾಕು. ಯಂತ್ರಕ್ಕೂ ಪ್ಲಾಸ್ಟಿಕ್ಕಿಗೂ ಹಣ ಸುರಿಯಬೇಕಿಲ್ಲ. ತೋಟದ ಕೊಬ್ಬರಿ, ಗೋಡಂಬಿ, ಕಾಳು ವರ್ಷಕ್ಕಾಗುವಷ್ಟು ಬರುವ ಮನೆಗೆ, ಒಮ್ಮೆಗೇ ಹೆಚ್ಚು ಮೀನು ತಂದು ಫ್ರೀಜರಿಗೆ ಹಾಕುವ ಮನೆಗೆ, ದೂರದ ಊರಿಗೆ ಪುಡಿ ಕಟ್ಟಿ ಕಳಿಸುವ ಮನೆಗೆ ಅದು ಕೊಟ್ಟ ಹಣವನ್ನು ಸಾರ್ಥಕ ಮಾಡುತ್ತದೆ. ಕೊಂಡವರು ಪ್ರತಿ ಸಲ ಗುಂಡಿ ಒತ್ತುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಪದಾರ್ಥ ಒಣಗಿದೆಯೇ? ಒಣಗಿದ್ದರೆ ಕಪಾಟು, ಇಲ್ಲವಾದರೆ ಫ್ರೀಜರು. ಎರಡೂ ಆಗದಿದ್ದರೆ ಇವತ್ತೇ ತಿಂದು ಮುಗಿಸುವುದು ಲೇಸು.